ಹೊರಳೂರಿನ ತೊಟ್ಟಿಲು ಅರ್ಧಕ್ಕೇ ನಿಂತದ್ದು

ಒಂದಾನೊಂದು ಊರಿನಲ್ಲಿ, ಅಂದರೆ ಹೊರಳೂರಿನಲ್ಲಿ, ಜಗ್ಗರಾಯನೆಂಬ ರಾಜನಿದ್ದ. ಅವನಿಗೆ ಯುದ್ಧದ ಚಿಂತೆಯಿಲ್ಲ, ಮಳೆಯ ಚಿಂತೆಯಿಲ್ಲ. ಸುಮ್ಮನೆ ಬಿದ್ದಿರುವ ವಸ್ತುವನ್ನು ಕಂಡರೆ ಮಾತ್ರ ಆಗುತ್ತಿರಲಿಲ್ಲ. ಬೀಸುವ ಕಲ್ಲು ಸುಮ್ಮನೆ ಯಾಕಿದೆ, ಬೀಸಣಿಗೆ ಸುಮ್ಮನೆ ಯಾಕಿದೆ ಎಂದು ಕೇಳುತ್ತ ಕೂತರೆ ಅವನ ಊಟ ತಣ್ಣಗಾಗುತ್ತಿತ್ತು.

ಒಮ್ಮೆ ಮುಚ್ಚಳಯ್ಯನೆಂಬ ವ್ಯಾಪಾರಿ ಬಂದ. ಅವನು ಮಾರುತ್ತಿದ್ದುದು ಒಳಹಾಡು. ಒಳಹಾಡೆಂದರೆ ವಸ್ತುವಿನ ಹೊಟ್ಟೆಯಲ್ಲಿ ಕೂತು, ಈಗ ಇದು ಮಾಡು, ಆಮೇಲೆ ಅದು ಮಾಡು ಅಂತ ಹೇಳಿಕೊಡುವ ಹಾಡು. ಹಾಡಿದ್ದರೆ ವಸ್ತು ತಾನೇ ಕೆಲಸ ಮಾಡುತ್ತದೆ, ಮಾತೂ ಆಡುತ್ತದೆ. ಇಲ್ಲದಿದ್ದರೆ ಬರೀ ಮರ, ಬರೀ ಕಲ್ಲು. ಮುಚ್ಚಳಯ್ಯ ಹಾಡನ್ನು ತಗಡಿನ ಡಬ್ಬಿಗೆ ಹಾಕಿ, ಬಾಯಿಗೆ ಅರಗು ಮೆತ್ತಿ ಕೊಡುತ್ತಿದ್ದ. ಡಬ್ಬಿಯನ್ನು ಯಾರೂ ತೆರೆಯಬಾರದು, ಒಳಗೇನಿದೆ ಅಂತ ಕೇಳಲೂ ಬಾರದು.

ರಾಜನಿಗೆ ಆಗತಾನೆ ಹೆಣ್ಣುಮಗು ಹುಟ್ಟಿತ್ತು. ಚೆನ್ನಾಜಿ ಅಂತ ಹೆಸರು. ಮೊದಲ ಡಬ್ಬಿ ಅವಳ ತೊಟ್ಟಿಲಿನ ಹೊಟ್ಟೆ ಸೇರಿತು. ತೊಟ್ಟಿಲು ತಾನೇ ತೂಗಿತು, ತಾನೇ ಜೋಗುಳ ಹಾಡಿತು. ರಾಣಿ ಓಬಳಾಂಬೆಯ ತೋಳುನೋವು ಹೋಯಿತು. ಹಿಗ್ಗಿದ ರಾಜ ಒಂದು ಅಪ್ಪಣೆ ಹೊರಡಿಸಿದ: ಮಗಳು ಮಲಗುವ ಮುಂಚೆ ಹೊರಳೂರಿನಲ್ಲಿ ಯಾರೂ ಮಲಗಕೂಡದು.

ಒಂದು ಮಧ್ಯಾಹ್ನ ತೊಟ್ಟಿಲು ನಿಂತಿತು. ಆಚೆಯೂ ಅಲ್ಲ, ಈಚೆಯೂ ಅಲ್ಲ, ಗಾಳಿಯಲ್ಲಿ ಓರೆಯಾಗಿ ನಿಂತಿತು. ಮುಂದಿನ ಸಾಲು ಹಾಡಲು ಮುಚ್ಚಳಯ್ಯನವರ ಅಪ್ಪಣೆಯಿಲ್ಲ ಎಂದಿತು.

ಮಗು ಮಲಗಲಿಲ್ಲ. ಮಡಿಲಲ್ಲಿ ಹಾಕಿಕೊಂಡರೂ ಇಲ್ಲ, ಹೆಗಲ ಮೇಲೆ ಹಾಕಿಕೊಂಡರೂ ಇಲ್ಲ, ಅದಕ್ಕೆ ತೊಟ್ಟಿಲೇ ಬೇಕು. ಮಗು ಮಲಗಲಿಲ್ಲವೆಂದು ಊರೂ ಮಲಗಲಿಲ್ಲ. ಇರುಳು ಎಂದಿನಂತೆ ಊರಬಾಗಿಲಿಗೆ ಬಂತು. ಎಲ್ಲರೂ ಎದ್ದಿರುವುದನ್ನು ಕಂಡು, ತಪ್ಪು ಊರಿಗೆ ಬಂದೆನೇನೋ ಎಂದು ನಾಚಿಕೊಂಡು ಹಿಂದಿರುಗಿತು. ಪಾಳಿ ಬಿಡಿಸುವವರಿಲ್ಲದೆ ಸೂರ್ಯ ನೆತ್ತಿಯ ಮೇಲೇ ನಿಂತ. ನಾಳೆ ಅನ್ನುವುದು ಬರಲೇ ಇಲ್ಲ. ನಾಳೆ ಮದುವೆಯಿದ್ದವರು ಅಕ್ಷತೆ ಹಿಡಿದುಕೊಂಡು ಇವತ್ತಿನಲ್ಲೇ ಕೂತರು. ಅತ್ತು ಅತ್ತು ಮಗುವಿನ ಗಂಟಲು ಕಟ್ಟಿತು. ಬಾಯಿ ತೆರೆದರೂ ದನಿ ಬರುತ್ತಿರಲಿಲ್ಲ.

ಮುಚ್ಚಳಯ್ಯನನ್ನು ಕರೆಸಿದರು. ಅವನು ಡಬ್ಬಿ ಅಲ್ಲಾಡಿಸಿ ನೋಡಿ, ಇದು ಹಳೇ ಹಾಡು, ಇದನ್ನು ನಾನೇ ಮರೆತಿದ್ದೇನೆ, ಹೊಸ ಡಬ್ಬಿಯೇ ಆಗಬೇಕು ಎಂದ. ಅದಕ್ಕೆ ಏನು ಕೊಡಬೇಕು ಎಂದರೆ, ಹೊರಳೂರಿನವರ ಏಳು ತಲೆಮಾರಿನ ಆಕಳಿಕೆ ಕೊಡಬೇಕು ಎಂದ. ರಾಜ ಆಗಲೆಂದು ಒಂದು ಆಕಳಿಕೆ ತೆಗೆದೂಬಿಟ್ಟ. ಮುಚ್ಚಳಯ್ಯ ಅದನ್ನು ಚೀಲಕ್ಕೆ ಹಾಕಿಕೊಂಡ.

ರಾಣಿ ತಡೆದಳು. ಆಕಳಿಸದಿದ್ದರೆ ಬಾಯಿ ತೆರೆಯುವುದಿಲ್ಲ, ಬಾಯಿ ತೆರೆಯದಿದ್ದರೆ ನಿದ್ದೆ ಒಳಗೆ ಹೋಗುವುದು ಎಲ್ಲಿಂದ? ಅವಳು ತೊಟ್ಟಿಲ ಹತ್ತಿರ ಹೋಗಿ ಕೂತಳು.

"ಮುಂದಿನ ಸಾಲು ನಿನಗೆ ನಿಜವಾಗಿ ಗೊತ್ತಿಲ್ಲವೇ?"

"ನನ್ನ ಹೊಟ್ಟೆಯಲ್ಲಿ ಏನಿದೆ ಅಂತ ನನಗೇ ತೋರಿಸಿಲ್ಲ ತಾಯಿ," ಎಂದಿತು ತೊಟ್ಟಿಲು. "ತೂಗಬೇಕು ಅಂತ ಆಸೆಯಿದೆ. ಆಗುತ್ತಿಲ್ಲ."

ರಾಣಿ ಕೈಹಾಕಿ ಡಬ್ಬಿಯನ್ನು ಹೊರಗೆಳೆದಳು. ತೊಟ್ಟಿಲು ಮಾತು ನಿಲ್ಲಿಸಿ ಬರೀ ಮರವಾಯಿತು. ಅವಳು ಅದರ ಖಾಲಿ ಹೊಟ್ಟೆಗೆ ಬಾಯಿಟ್ಟು, ತನ್ನ ತಾಯಿ ಹಾಡುತ್ತಿದ್ದ ಜೋಗುಳ ಹಾಡಿದಳು. ತೊಟ್ಟಿಲು ಕಿರ್ ಎಂದು ಅಲುಗಿತು. ಆದರೆ ರಾಣಿಗೆ ನೆನಪಿದ್ದುದು ಎರಡೇ ಸಾಲು.

ಅವಳು ತೊಟ್ಟಿಲನ್ನು ಮಗುವಿನ ಸಮೇತ ಊರ ನಡುವಿನ ಕಟ್ಟೆಗೆ ಹೊರಿಸಿದಳು. ಬಲ್ಲವರು ಬಲ್ಲಷ್ಟು ಹಾಡಿ ಎಂದು ಕೇಳಿಕೊಂಡಳು. ಮಡಕೆ ಮಾಡುವವರು ಒಂದು ಸಾಲು ಕೊಟ್ಟರು, ಸೇನಾಪತಿಯೂ ಒಂದು ಕೊಟ್ಟ, ಮದುವೆಯ ಮನೆಯವರು ಅಕ್ಷತೆ ಕೆಳಗಿಟ್ಟು ಬಂದು ನಾಲ್ಕು ಕೊಟ್ಟರು. ಹಾಡು ಎಷ್ಟು ಉದ್ದವಾಯಿತೆಂದರೆ ತೊಟ್ಟಿಲು ಏದುಸಿರು ಬಿಟ್ಟು, ನನ್ನ ಹೊಟ್ಟೆ ಬೆಲ್ಲದಚ್ಚಿನಷ್ಟೇ ಇದೆ, ಹಾಡಿನಲ್ಲಿರುವ ಆನೆ ಕುದುರೆಗೆಲ್ಲ ಜಾಗವಿಲ್ಲ ಎಂದಿತು. ಸರಿ, ಆನೆಯನ್ನು ತೆಗೆದರು. ಕುದುರೆಯನ್ನು ತೆಗೆದರು. ಬೇಕಾದಷ್ಟೇ ಉಳಿಸಿದರು.

ತೊಟ್ಟಿಲು ತೂಗಿತು. ಚೆನ್ನಾಜಿ ಕಣ್ಣು ಮುಚ್ಚಿದಳು, ಮರುಗಳಿಗೆ ಬೆಚ್ಚಿಬಿದ್ದು ಎದ್ದಳು. ಮತ್ತೆ ತೂಗಿತು, ಮತ್ತೆ ಎದ್ದಳು. ಇನ್ನೇನು ಮಾಡುವುದೆಂದು ರಾಣಿಯ ಕಣ್ಣಲ್ಲಿ ನೀರು ಬಂತು. ಆಗ ಮುಂದೆಯೇ ಕೂತು ಕೇಳುತ್ತಿದ್ದ ಕೆಂಚಜ್ಜಿ ಎಂಬ ಮುದುಕಿ ಅಂದಳು: "ಮೂರನೇ ಸಾಲಲ್ಲಿ ಹುಲಿ ಬರುತ್ತದಲ್ಲ, ಅದನ್ನು ಇಟ್ಟವರು ಯಾರು?"

ಇಟ್ಟವನು ಸೇನಾಪತಿ. ಅವನು ತಲೆ ತಗ್ಗಿಸಿದ. ಹುಲಿಯನ್ನು ತೆಗೆದು ಬೆಕ್ಕನ್ನು ಕೂರಿಸಿದರು. ಹಾಡು ಎಲ್ಲರ ಕಿವಿಗೂ ಬೀಳುತ್ತಿತ್ತು, ಹಾಗಾಗಿ ಹುಲಿ ಸಿಕ್ಕಿತು. ಅರಗಿನ ಡಬ್ಬಿಯಲ್ಲಾಗಿದ್ದರೆ ಅದು ಒಳಗೇ ಸಂಸಾರ ಹೂಡುತ್ತಿತ್ತು.

ಮೂರನೇ ಸಾಲಿನಲ್ಲಿ ಬೆಕ್ಕು ಬಂತು, ಮಗು ಮಲಗಿತು. ರಾಣಿ ಅಲ್ಲೇ ಕಟ್ಟೆಗೆ ಒರಗಿದಳು. ರಾಜ ಕಿರೀಟವನ್ನೇ ದಿಂಬು ಮಾಡಿಕೊಂಡ. ಮುಚ್ಚಳಯ್ಯನೂ ಚೀಲ ತಬ್ಬಿಕೊಂಡು ಉರುಳಿದ. ಇರುಳು ಮೆಲ್ಲಗೆ ಇಣುಕಿ, ಇದೇ ಊರು ಎಂದು ಖಾತ್ರಿ ಮಾಡಿಕೊಂಡು ಒಳಗೆ ಬಂತು. ಸೂರ್ಯ ಸೊಂಟ ಹಿಡಿದುಕೊಂಡು ಇಳಿದುಹೋದ.

ಮರುದಿನ ಊರವರು ಅದೇ ಹಾಡನ್ನು ಬೀಸುವ ಕಲ್ಲಿನ ಹೊಟ್ಟೆಗೆ ಹಾಕಿದರು. ಕಲ್ಲು ಗೊರಕೆ ಹೊಡೆಯಿತು. 'ಮಲಗು ಮಲಗು' ಎಂದಿದ್ದ ಕಡೆ 'ತಿರುಗು ತಿರುಗು' ಮಾಡಿದರು, ತಿರುಗಿತು. 'ಏರು ಏರು' ಮಾಡಿದರೆ ಬಾವಿಯ ಕೊಡ ತಾನೇ ಮೇಲೆ ಬಂತು. ಯಾವುದಕ್ಕೂ ಯಾರನ್ನೂ ಅಪ್ಪಣೆ ಕೇಳಬೇಕಾಗಲಿಲ್ಲ.

ಅಷ್ಟು ಹೊತ್ತಿಗೆ ಮುಚ್ಚಳಯ್ಯ ಎದ್ದ. ಅಂಥ ನಿದ್ದೆ ಅವನಿಗೆ ಚಿಕ್ಕಂದಿನಿಂದ ಬಂದಿರಲಿಲ್ಲ. ಅವನು ಮೊದಲು ರಾಜನ ಆಕಳಿಕೆಯನ್ನು ಚೀಲದಿಂದ ತೆಗೆದು ವಾಪಸು ಕೊಟ್ಟ. ಆಮೇಲೆ ನೆಲ ನೋಡುತ್ತ, ಈ ಹಾಡು ತನಗೂ ಸಿಗುತ್ತದೆಯೇ ಎಂದು ಕೇಳಿದ.

"ತೆಗೆದುಕೊಳ್ಳಿ," ಎಂದಳು ರಾಣಿ. "ಬೇಕಾದರೆ ಬದಲಾಯಿಸಿ. ಬದಲಾಯಿಸಿದ್ದನ್ನು ಮಾತ್ರ ಇದೇ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹಾಡಬೇಕು."

ಮುಚ್ಚಳಯ್ಯ ಕಟ್ಟೆ ಹತ್ತಿದ. ಜೀವಮಾನವಿಡೀ ಹಾಡು ಮಾರಿದ್ದನೇ ಹೊರತು ಒಮ್ಮೆಯೂ ಹಾಡಿರಲಿಲ್ಲ. ಅವನ ಅವ್ವ ಬೆನ್ನು ತಟ್ಟುತ್ತ ಹೇಳುತ್ತಿದ್ದ ಒಂದು ಸಾಲನ್ನು ಒಡಕು ದನಿಯಲ್ಲಿ ಹಾಡಿದ. ಯಾರೂ ನಗಲಿಲ್ಲ. ತೊಟ್ಟಿಲು ಆ ಸಾಲನ್ನು ಇನ್ನೊಮ್ಮೆ ಹೇಳಿಸಿಕೊಂಡಿತು, ಬೆಕ್ಕನ್ನು ಸ್ವಲ್ಪ ಆಚೆ ಸರಿಸಿ ಜಾಗ ಮಾಡಿತು. ಚೆನ್ನಾಜಿ ಎಷ್ಟು ಚೆನ್ನಾಗಿ ಮಲಗಿದ್ದಳೆಂದರೆ, ಎದ್ದಾಗ ಅವಳಿಗೆ ಹಲ್ಲು ಬಂದಿದ್ದವು.

ಇದರಿಂದ ತಿಳಿಯುವ ನೀತಿಯೇನೆಂದರೆ, ಸೇನಾಪತಿಗಳು ಜೋಗುಳ ಬರೆದರೆ ಅಜ್ಜಿಯರು ಮುಂದೆ ಕೂತು ಕೇಳಬೇಕು. ಹೊರಳೂರಿನವರು ಅಲ್ಲಿ ಹೊರಳಿ ಮಲಗಿದರು. ನಾವಿನ್ನೂ ಇಲ್ಲಿ ಕೂತಿದ್ದೇವೆ. ಏಳಿ, ಚಾಪೆ ಹಾಸಿ.