ಪಂಡಿತರು ಆನೆಯನ್ನು ಹೊಗಳಿದ್ದು

"ಲೋಕದ ಮಾತುಗಳೆಲ್ಲ ಹುಟ್ಟಿದ್ದು ನಮ್ಮ ಸಂಸ್ಕೃತವೆಂಬ ಒಂದೇ ಬೇರಿನಿಂದ! ಉಲಿ ಒಂದಾದರೆ ಅರ್ಥವೂ ಒಂದೇ. ಅಲ್ಲವೆನ್ನುವ ಗಂಡಸು ಇಲ್ಲಿದ್ದರೆ ಎದ್ದು ನಿಲ್ಲಲಿ!"

ಉತ್ತರದಿಂದ ಬಂದಿದ್ದ ವಿದ್ಯಾಧರ ಮಿಶ್ರರು ಹೀಗೆ ಗುಡುಗಿದಾಗ ಕಸ್ತೂರಿನಾಯಕನ ಆಸ್ಥಾನದಲ್ಲಿ ಯಾರೂ ಏಳಲಿಲ್ಲ. ನಾಯಕನಿಗೆ ದೊಡ್ಡ ದನಿಯೆಂದರೆ ದೊಡ್ಡ ವಿದ್ಯೆ.

"ಪಂಡಿತರನ್ನು ಯಾರೂ ಸೋಲಿಸದಿದ್ದರೆ ಇಂದಿನಿಂದ ನನ್ನ ಸಭೆಯಲ್ಲಿ ಅವರ ಭಾಷೆಯೊಂದೇ. ಕನ್ನಡದ ಕವಿಗಳು ಮನೆಗೆ ಹೋಗಬಹುದು" ಎಂದುಬಿಟ್ಟ.

ಆ ಕವಿಗಳಲ್ಲೊಬ್ಬನಾದ ಸಿಂಗಣ್ಣ ಯೋಚಿಸಿದ. ಮನೆಗೆ ಹೋಗಿ ಮಾಡುವುದೇನು? ಅಲ್ಲಿ ಅವನ ಪದ್ಯ ಕೇಳುವವರೇ ಇರಲಿಲ್ಲ.

ಅವನು ಮೆಲ್ಲಗೆ ಎದ್ದು ಕೈಮುಗಿದ. "ಸ್ವಾಮಿ, ನಾನು ದಡ್ಡ. 'ವಾ' ಅಂದರೆ ಏನು?"

"ಮೆಚ್ಚುಗೆ! ಎಲ್ಲ ಸೀಮೆಯಲ್ಲೂ ಅಷ್ಟೇ."

"ಎಲ್ಲ ಸೀಮೆಯಲ್ಲೂ?"

"ಮೂರು ಲೋಕದಲ್ಲೂ!"

"ನಮ್ಮ ಪುಣ್ಯ. ಅಂಗಳದಲ್ಲಿ ತಂಜಾವೂರಿಂದ ಬಂದ ಹೊಸ ಆನೆ ನಿಂತಿದೆ. ತಮ್ಮಂಥವರ ಬಾಯಲ್ಲಿ ಅದಕ್ಕೊಂದು ಮೆಚ್ಚುಗೆ ಸಿಗಲಿ. ಸ್ವಲ್ಪ ಗಟ್ಟಿಯಾಗಿ, ಸ್ವಾಮಿ."

ಸಭೆಯೇ ಅಂಗಳಕ್ಕೆ ಇಳಿಯಿತು. ಪಂಡಿತರು ಶಾಲು ಸರಿಮಾಡಿಕೊಂಡು ಕೂಗಿದರು: "ವಾ!"

ತಮಿಳು ಮಾವುತನ ಕೈಯಲ್ಲಿ ಬೆಳೆದ ಆನೆ ವಿಧೇಯವಾಗಿ ಮುಂದೆ ಬಂತು.

"ನೋಡಿದಿರಾ, ಹಿಗ್ಗಿದೆ! ವಾ, ವಾ!"

ಆನೆ ಇನ್ನೂ ಹತ್ತಿರ ಬಂದು ಸೊಂಡಿಲಿನಿಂದ ಪೇಟ ಮುಟ್ಟಿತು. ಪಂಡಿತರು ಹಿಂದೆ ನೋಡದೆ ಓಡಿ ಅಂಗಳದ ಉಯ್ಯಾಲೆ ಕಂಬ ಹತ್ತಿದರು. ಮೇಲಿನಿಂದ, "ಸಾಕು ಅನ್ನಿ ಇದಕ್ಕೆ! ಯಾಕೆ ಬರುತ್ತಿದೆ?"

"ಕರೆದಿರಲ್ಲ ಸ್ವಾಮಿ! ತಮಿಳಿನಲ್ಲಿ 'ವಾ' ಅಂದರೆ 'ಬಾ'. ನೀವು ಮೆಚ್ಚುವ 'ವಾ' ಪಾರಸಿಯವರ ಬಾಯಿಂದ ಬಂದದ್ದು. ನಿಮ್ಮ ಸಂಸ್ಕೃತದಲ್ಲಾದರೆ 'ಇಲ್ಲವೇ' ಎಂದರ್ಥ: ಆನೆ ಇಲ್ಲವೇ ಕಂಬ. ತಾವು ಕಂಬ ಆರಿಸಿಕೊಂಡಿರಿ."

ನಾಯಕ ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಕವಿಗಳು ಇಲ್ಲೇ ಇರಲಿ. ಆದರೂ ಸಿಂಗಣ್ಣ, ಈ ಮಾತುಗಳಿಗೆಲ್ಲ ಬೇರು ಒಂದೋ, ಮೂರೋ?"

"ಪಂಡಿತರನ್ನೇ ಕೇಳಿ ದೊರೆ. ಈಗ ನಮ್ಮೆಲ್ಲರಿಗಿಂತ ಎತ್ತರದಲ್ಲಿದ್ದಾರೆ, ಅಲ್ಲಿಂದ ಬೇರು ಚೆನ್ನಾಗಿ ಕಾಣುತ್ತದೆ."