ಹುಲಿಗೆಮ್ಮ ಕಲಿತ ಎಣಿಕೆ

ಆನೆಗೊಂದಿಯ ವಸತಿಗೃಹದಲ್ಲಿ ಕಸ ಗುಡಿಸುವ ಹುಲಿಗೆಮ್ಮನಿಗೆ ಮ್ಯಾನೇಜರ್ ಗುರುಶಾಂತಪ್ಪ ಗದರಿದ: "ಒನ್ನಿಂದ ಟೆನ್, ಆಮ್ಯಾಲೆ ಥ್ಯಾಂಕ್ಯೂ. ಸಂಜಿಯೊಳಗ ಫ್ರೆಂಚ್, ಇಟಾಲಿಯನ್ ಎರಡರಾಗೂ ಹೇಳಬೇಕು. ಇಲ್ಲಾಂದ್ರ ಕೆಲಸ ಬಿಡು."

ಹುಲಿಗೆಮ್ಮ ಹತ್ತು ಬಾಳೆಹಣ್ಣು ಹಿಡಿದು ಜಗಲಿಗೆ ಹೋದಳು. ಅಲ್ಲಿ ಕೂತಿದ್ದ ಅತಿಥಿಗಳಾದ ಫ್ರೆಂಚ್ ಅಜ್ಜಿ, ಇಟಲಿಯ ಮೇಷ್ಟ್ರ ಮುಂದೆ "ಒಂದು, ಎರಡು" ಎಂದು ಎಣಿಸಿದಳು. ಅಜ್ಜಿ ನಕ್ಕು ತನ್ನ ಭಾಷೆಯಲ್ಲಿ "ಅಂ, ದ" ಅಂದಳು. ಮೇಷ್ಟ್ರು "ಊನೊ, ದೂಎ" ಅಂದರು. ಹಣ್ಣು ಹಂಚಿದಾಗ "ಮೆರ್ಸಿ", "ಗ್ರಾತ್ಸಿಯೆ" ಎಂಬ ಧನ್ಯವಾದಗಳು ಅವರ ಬಾಯಿಂದ ತಾವಾಗಿಯೇ ಬಂದವು.

ಸಂಜೆ ಅವಳು ಎಲ್ಲವನ್ನೂ ತಪ್ಪಿಲ್ಲದೆ ಒಪ್ಪಿಸಿದಳು. ಗುರುಶಾಂತಪ್ಪ ಬೆರಗಾಗಿ ನಿಂತಿರುವಾಗಲೇ ಫ್ರೆಂಚ್ ಅಜ್ಜಿ ಬಂದು ಅವನ ಕೈ ಹಿಡಿದು, "ಊಟ ಆತೇನಪಾ?" ಎಂದಳು.

ಅವನನ್ನು ಹಾಗೆ ಯಾರಾದರೂ ಕೇಳಿ ವರ್ಷಗಳಾಗಿದ್ದವು. "ಇಲ್ಲಬೇ," ಅಂದ. ಆಮೇಲೆ ಹುಲಿಗೆಮ್ಮನ ಕಡೆ ತಿರುಗಿ, "ಇದನ್ನ ಕಲಿಸಂತ ನಾ ಹೇಳಿರಲಿಲ್ಲಲ್ಲ?" ಎಂದ.

"ಅವರು ಅಷ್ಟು ಕೊಟ್ಟಾಗ ನಮ್ಮದೊಂದು ಕೊಡಬೇಕಲ್ರಿ ಸಾಹೇಬ್ರ," ಎಂದಳು ಹುಲಿಗೆಮ್ಮ.