ದೀಪ ಹಚ್ಚಿದ ಮೇಲೆ ಕೊಟ್ಟ ಹೆಪ್ಪು

ಹೊಳೆಯ ಈಚೆ ದಂಡೆಯಲ್ಲಿ ಒಂದು ಆಶ್ರಮವಿತ್ತು. ಹೆಂಚು ಹೊದಿಸಿದ ನಾಲ್ಕು ಕೋಣೆ, ಪ್ರಾರ್ಥನೆಗೊಂದು ಚಾವಡಿ, ಬೇವಿನ ಕೊಂಬೆಗೆ ಕಟ್ಟಿದ ಒಂದು ಗಂಟೆ. ಯೇಸುಸ್ವಾಮಿಯ ಮಾತು ಹೇಳಿಕೊಂಡು, ಕಾಯಿಲೆಯವರಿಗೆ ಗಂಜಿ ಕಾಸಿಕೊಂಡು ತಬಿತಮ್ಮ ಎಂಬ ಮುದುಕಿ ಅಲ್ಲಿ ಬಾಳುತ್ತಿದ್ದರು.

ಅವರ ಶಿಷ್ಯ ತಿಮೋತಿ. ವಾರಕ್ಕೆ ಮೂರು ದಿನ ಹರಿಗೋಲಿನಲ್ಲಿ ಹೊಳೆ ದಾಟಿ, ಆಚೆ ದಂಡೆಯ ಕುರುಬರ ಹಟ್ಟಿಯಲ್ಲಿ ಸುವಾರ್ತೆ ಹೇಳಿ ಬರುವುದು ಎರಡು ವರ್ಷದಿಂದ ಅವನ ಕೆಲಸ.

ಒಂದು ಶುಕ್ರವಾರ ಬೆಳಗ್ಗೆ ಅವನು ತನ್ನ ಜೋಳಿಗೆಯನ್ನು ತಂದು ಗುರುವಿನ ಮುಂದಿಟ್ಟ.

ತಬಿತಮ್ಮ ಮೊರದಲ್ಲಿ ತೊಗರಿಬೇಳೆಯ ಕಲ್ಲು ಆರಿಸುತ್ತಿದ್ದರು.

"ಇದೇನಪ್ಪಾ?"

"ಜೋಳಿಗೆ, ಅಮ್ಮಾ. ಪುಸ್ತಕ ಒಳಗೇ ಇದೆ."

"ಅದು ಕಾಣುತ್ತದೆ. ನನ್ನ ಮುಂದೆ ಯಾಕಿಟ್ಟೆ?"

"ಇನ್ನು ನನ್ನ ಕೈಲಾಗದು. ಊರಿಗೆ ಹೋಗಿಬಿಡುತ್ತೇನೆ."

"ಹಟ್ಟಿಯವರು ಹೊಡೆದರೇ?"

"ಹೊಡೆದಿದ್ದರೆ ಚೆನ್ನಾಗಿತ್ತು. ನಕ್ಕರು."

ಆಗಿದ್ದು ಇಷ್ಟು. ಎರಡು ತಿಂಗಳ ಹಿಂದೆ ತಿಮೋತಿ ಹಟ್ಟಿಯ ಕಟ್ಟೆಯ ಮೇಲೆ ಕುಳಿತು, ಯೇಸುಸ್ವಾಮಿ ಹೇಳಿದ ತಪ್ಪಿಹೋದ ಕುರಿಯ ಕಥೆ ಹೇಳಿದ್ದ. ನೂರು ಕುರಿ ಇದ್ದವನೊಬ್ಬ ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು, ಕಾಣೆಯಾದ ಒಂದನ್ನು ಹುಡುಕಿಕೊಂಡು ಹೋದ ಕಥೆ. ಕುರಿ ಕಾಯುವವರಿಗೆ ಇದಕ್ಕಿಂತ ಒಪ್ಪುವ ಕಥೆ ಇನ್ನಾವುದು ಎಂದುಕೊಂಡಿದ್ದ.

ಮುಂದೆ ಕುಳಿತಿದ್ದ ಮಾಳಿಂಗಪ್ಪ ತಲೆಯ ರುಮಾಲು ತೆಗೆದು ತೊಡೆಗೆ ಬಡಿದುಕೊಂಡು ನಕ್ಕಿದ್ದ.

"ತೊಂಬತ್ತೊಂಬತ್ತು ಕುರಿ ಅಡವ್ಯಾಗ ಬಿಟ್ಟು ಒಂದಕ್ಕ ಹೋದ್ನಾ? ಅಂವ ಕುರುಬ ಅಲ್ಲೋ ತಮ್ಮಾ, ತೋಳದ ಅಳಿಯ!"

ಕಟ್ಟೆಗೆ ಕಟ್ಟೆಯೇ ನಕ್ಕಿತು. ಮುಂದಿನ ಸಲ ಹೋದಾಗ ಹರಿಗೋಲು ದಡ ಮುಟ್ಟುವ ಮೊದಲೇ ಮಕ್ಕಳು ಕೂಗಿದವು: "ತೋಳದ ಅಳಿಯ ಬಂದ! ತೋಳದ ಅಳಿಯ ಬಂದ!"

ತಿಮೋತಿ ಅದೇ ಹರಿಗೋಲಿನಲ್ಲಿ ಹಿಂದಿರುಗಿದ್ದ. ಮತ್ತೆ ಆ ದಂಡೆಗೆ ಕಾಲಿಟ್ಟಿರಲಿಲ್ಲ.

"ನಗುವವರನ್ನು ಸಹಿಸಬಹುದು, ಅಮ್ಮಾ" ಎಂದ. "ಆಮೇಲೆ ನನ್ನೊಳಗೆ ನೋಡಿಕೊಂಡೆ. ಅಲ್ಲಿ ಏನೂ ಇಲ್ಲ. ಪ್ರಾರ್ಥನೆಗೆ ಕುಳಿತರೆ ತುಟಿ ಆಡುತ್ತದೆ, ಮನಸ್ಸು ಏಳುವುದಿಲ್ಲ. ನನ್ನಲ್ಲೇ ಸತ್ತುಹೋದ ನಂಬಿಕೆಯನ್ನು ಇನ್ನೊಬ್ಬರಿಗೆ ಹೇಗೆ ಕೊಡಲಿ?"

ತಬಿತಮ್ಮ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು. ಎದ್ದು, ಜೋಳಿಗೆಯನ್ನು ಗೋಡೆಯ ಗೂಟಕ್ಕೆ ತೂಗುಹಾಕಿದರು.

"ಬಸ್ಸು ಬರುವುದು ಸೋಮವಾರ. ಅಲ್ಲಿಯತನಕ ಅಡುಗೆಮನೆ ನೋಡಿಕೋ. ರಾಹೇಲಮ್ಮ ಮಗಳ ಬಾಣಂತನಕ್ಕೆ ಹೋಗಿದ್ದಾಳೆ. ಸಂಜೆ ಹಾಲು ಕಾಸಿ ಹೆಪ್ಪು ಹಾಕು."

"ಅಷ್ಟೇ ತಾನೇ?"

"ಅಷ್ಟೇ."

ಶನಿವಾರ ಬೆಳಗ್ಗೆ ತಿಮೋತಿ ಗಡಿಗೆ ಹಿಡಿದು ಬಂದ. ಒಳಗೆ ಮೊಸರಿರಲಿಲ್ಲ. ಮೇಲೆ ಹಳದಿ ನೀರು, ಕೆಳಗೆ ಚೂರು ಚೂರಾದ ಹಾಲು.

ತಬಿತಮ್ಮ ಇಣುಕಿ ನೋಡಿದರು.

"ಹಾಲು ಆರಿತ್ತೇ?"

"ಸ್ವಲ್ಪ ಬಿಸಿ ಇತ್ತು. ಬೇಗ ಮುಗಿಯಲಿ ಎಂದು..."

"ಎಷ್ಟು ಹೆಪ್ಪು ಹಾಕಿದೆ?"

"ಇದ್ದದ್ದನ್ನೆಲ್ಲ. ಹೆಚ್ಚು ಹಾಕಿದರೆ ಗಟ್ಟಿಯಾಗುತ್ತದೆ ಎಂದುಕೊಂಡೆ."

"ಆಮೇಲೆ?"

"ಮುಚ್ಚಳ ತೆಗೆದು ನೋಡಿದೆ."

"ಎಷ್ಟು ಸಲ?"

ತಿಮೋತಿ ನೆಲ ನೋಡಿದ. "ನಾಲ್ಕೈದು ಸಲ. ಗಡಿಗೆ ಅಲ್ಲಾಡಿಸಿಯೂ ನೋಡಿದೆ. ಆಗಿದೆಯೋ ಇಲ್ಲವೋ ತಿಳಿಯಬೇಕಲ್ಲ?"

"ತಿಳಿಯಿತೇ?"

"ಇಲ್ಲ."

ತಬಿತಮ್ಮ ಬಯ್ಯಲಿಲ್ಲ. ನಕ್ಕರು. ಬಯ್ದಿದ್ದರೇ ಚೆನ್ನಾಗಿತ್ತು ಎನಿಸಿತು ಅವನಿಗೆ.

"ಈ ಮನೆಯ ಹೆಪ್ಪು ಸತ್ತಿತು. ಹೋಗಿ ಬೇರೆ ತಾ" ಎಂದು ಒಂದು ಹಿತ್ತಾಳೆಯ ಬಟ್ಟಲು ಕೊಟ್ಟರು.

"ರಸ್ತೆಯ ಅಂಗಡಿಯಲ್ಲಿ ಪ್ಯಾಕೆಟ್ ಮೊಸರು ಸಿಗುತ್ತದೆ, ಅಮ್ಮಾ."

"ಅದು ಬೇಡ. ಹಟ್ಟಿಗೆ ಹೋಗು. ಮಾಳಿಂಗಪ್ಪನ ಹೆಂಡತಿ ಕೆಂಚವ್ವನನ್ನು ಕೇಳು."

ತಿಮೋತಿಯ ಮುಖ ಕಪ್ಪಿಟ್ಟಿತು. "ಆ ಮನೆಗೇ?"

"ಆ ಮನೆಗೇ."

ಅವನು ಅಭ್ಯಾಸಬಲದಿಂದ ಗೂಟದ ಕಡೆ ಕೈ ಚಾಚಿದ. ತಬಿತಮ್ಮ ತಡೆದರು.

"ಎರಡು ವರ್ಷ ಕೊಡುವುದಕ್ಕೇ ಹೋದೆ. ಇವತ್ತು ಕೇಳುವುದಕ್ಕೆ ಹೋಗು."

ಬೇಕೆಂದೇ ಅವನು ಹೊತ್ತು ಕಳೆದ. ಅಂಗಳ ಗುಡಿಸಿದ, ತೊಟ್ಟಿಗೆ ನೀರು ತುಂಬಿಸಿದ. ಹೊಳೆಗೆ ಬಂದಾಗ ಹರಿಗೋಲಿನವನು ಊಟಕ್ಕೆ ಹೋಗಿದ್ದ. ಅಂತೂ ದಾಟಿ ಹಟ್ಟಿ ಸೇರುವಷ್ಟರಲ್ಲಿ ಹೊತ್ತು ಮುಳುಗಿ, ಮನೆಮನೆಯಲ್ಲಿ ದೀಪ ಹಚ್ಚಿದ್ದರು.

ಕೆಂಚವ್ವ ಬಾಗಿಲಲ್ಲಿ ನಿಂತು ಅವನನ್ನೂ ಬಟ್ಟಲನ್ನೂ ನೋಡಿದಳು.

"ಏನೋ ತಮ್ಮಾ, ಪುಸ್ತಕ ಬಿಟ್ಟು ಬಟ್ಟಲು ಹಿಡದೀದಿ?"

"ಅವ್ವಾ, ನಮ್ಮಲ್ಲಿ ಹೆಪ್ಪು ಕೆಟ್ಟಿದೆ. ಒಂದು ಚಮಚ ಸಿಕ್ಕರೆ..."

ಅವಳು ಹಿಂದೆ ತಿರುಗಿ ದೀಪ ನೋಡಿದಳು. "ದೀಪಾ ಹಚ್ಚಿದ ಮ್ಯಾಲ ಹಾಲು, ಮಸರು, ಹೆಪ್ಪ ಹೊಸ್ತಿಲಾ ದಾಟಸಂಗಿಲ್ಲ. ಲಕ್ಷ್ಮಿ ಹೊಂಟು ಹೋಗ್ತಾಳ. ಗೊತ್ತಿಲ್ಲೇನು ನಿನಗ?"

ತಿಮೋತಿಗೆ ಗೊತ್ತಿತ್ತು. ಅವನು ಹುಟ್ಟಿದ ಊರಿನಲ್ಲೂ ಅದೇ ವಾಡಿಕೆ. ಸದ್ಯ, ಇಲ್ಲ ಎಂದಳಲ್ಲ ಎಂದು ಒಳಗೊಳಗೇ ಹಗುರಾಗಿ ತಿರುಗಿದ.

"ಎತ್ತಾಗ ಹೊಂಟಿ? ನಿಂದ್ರು!" ಎಂದಳು ಕೆಂಚವ್ವ. "ಊರ ಮಂದಿಗೆ ಇಲ್ಲ ಅಂದೇನು. ನಿಮ್ಮ ಅಮ್ಮಗ ಇಲ್ಲ ಅನ್ನಾಕ ನನಗ ಬಾಯಿ ಇಲ್ಲ."

ಅವಳು ಒಳಗೆ ಹೋಗಿ ನೆಲುವಿನಿಂದ ಗಡಿಗೆ ಇಳಿಸಿದಳು. ಇಳಿಸುತ್ತಲೇ ಹೇಳಿದಳು.

"ಹನ್ನೆರಡು ವರ್ಷ ಆತು. ನಮ್ಮ ಮನಿಯಾವಗ ಕಾಮಾಲಿ ಆಗಿತ್ತು. ಮಜ್ಜಿಗಿ ಅನ್ನ ಬಿಟ್ಟು ಬ್ಯಾರೆ ಏನೂ ಒಳಗ ನಿಲ್ಲತಿರಲಿಲ್ಲ. ಅವತ್ತ ನನ್ನ ಗಡಿಗಿ ಉಳ್ಳಿ ಹೆಪ್ಪ ಚಲ್ಲಿತು. ಇಂಥಾದ ಹೊತ್ತು. ಇಡೀ ಹಟ್ಟಿ ತಿರುಗಿದ್ನಿ. ದೀಪಾ ಹಚ್ಚೇವಿ, ನಾಳಿ ಬಾ ಅಂದ್ರು. ಹರಗೋಲದಾಂವಗ ಕೈ ಮುಗದು ಹೊಳಿ ದಾಟಿ ನಿಮ್ಮಲ್ಲಿ ಬಂದ್ನಿ."

"ಅಮ್ಮ ಕೊಟ್ಟರೇ?"

"ದೀಪದ ಮುಂದ ಕೂತು ಪ್ರಾರ್ಥನಿ ಮಾಡಾಕತ್ತಿದ್ರು. ಪ್ರಾರ್ಥನಿ ಬಿಟ್ಟು ಎದ್ದು, ಇದ್ದದ್ದನ್ನೆಲ್ಲ ಸುರುವಿ ಕೊಟ್ರು. ನಿಮಗ್ರೀ? ಅಂದ್ನಿ. ನೀ ಕೊಡ್ತೀಯಲ್ಲ, ಅಂದ್ರು."

ಅವಳು ಗಡಿಗೆಯ ಮುಚ್ಚಳ ತೆಗೆದಳು. ಮೊಸರು ಚೂರಿಯಿಂದ ಕೊಯ್ಯುವ ಹಾಗಿತ್ತು.

"ಅದ ಹೆಪ್ಪ ಇದು. ಅವತ್ತಿಂದ ಒಂದ ದಿನ ಕೆಟ್ಟಿಲ್ಲ. ಹಟ್ಟ್ಯಾಗ ಯಾರ ಮನ್ಯಾಗ ಕೆಟ್ರೂ ಇಲ್ಲೇ ಬರ್ತಾರ. ದೀಪಾ ಹಚ್ಚಿದ ಮ್ಯಾಲೂ ಬರ್ತಾರ, ಕಳ್ಳರಂಗ, ಸೆರಗಿನಾಗ ಬಟ್ಟಲಾ ಮುಚ್ಚಿಕೊಂಡು!"

ತಿಮೋತಿ ಬಟ್ಟಲು ಮುಂದೆ ಹಿಡಿದ. ಕೆಂಚವ್ವ ಅದರ ತುಂಬ ಮೊಸರು ಹಾಕಿದಳು.

ಆಗ ಅಂಗಳದಲ್ಲಿ ಕುರಿಗಳ ಸದ್ದಾಯಿತು. ಮಾಳಿಂಗಪ್ಪ ಹಿಂಡನ್ನು ದೊಡ್ಡಿಗೆ ಹಾಕಿ ಬಂದ. ಬಾಗಿಲಲ್ಲಿ ತಿಮೋತಿಯನ್ನು ಕಂಡವನೇ ಕೋಲು ನೆಲಕ್ಕೆ ಕುಟ್ಟಿದ.

"ಏ ತೋಳದ ಅಳಿಯಾ! ಎರಡು ತಿಂಗಳ ಎಲ್ಲಿ ಹೋಗಿದ್ಯೋ? ಕಥಿ ಹೇಳಿ ನನ್ನ ಜೀವಾ ತಿಂದು ಓಡಿ ಹೋಗೀದಿ!"

"ನಾನು ಹೆಪ್ಪು ಕೇಳಲು ಬಂದೆ, ಕಾಕಾ. ಹೊರಟೆ."

"ಎಲ್ಲಿ ಹೋಗ್ತಿ? ಹರಗೋಲ ನಿಂತೈತಿ. ಇನ್ನ ಮುಂಜಾನೇನ. ಕುಂದ್ರು. ನಿನ್ನ ಕೂಡ ಜಗಳ ಐತಿ."

ತಿಮೋತಿ ಕುಳಿತ.

"ಹೋದ ತಿಂಗಳ ನನ್ನ ಕುಂಟ ಕುರಿ ಹೊತ್ತು ಮುಣಗೂ ಮುಂದ ಕಾಣಲಿಲ್ಲ" ಎಂದ ಮಾಳಿಂಗಪ್ಪ. "ಹೋದ್ರ ಹೋಗ್ಲಿ, ತೋಳದ ಪಾಲು ಅಂತ ಬಿಡಾವ ನಾನು. ನಮ್ಮಪ್ಪನೂ ಹಂಗ ಬಿಡತಿದ್ದ. ಅವತ್ತ ಬಿಡಾಕ ಆಗಲಿಲ್ಲ. ನಿನ್ನ ಕಥಿ ಅಂಗಾಲಾಗ ಜಾಲಿಮುಳ್ಳು ಮುರದಂಗ ಕುಂತಿತ್ತು."

"ಹುಡುಕಲು ಹೋದಿರಾ?"

"ಹೆಂಗ ಹೋಗ್ಲಿ? ನಿನ್ನ ಕುರುಬನಂಗ ನಾ ಹುಚ್ಚ ಅಲ್ಲ. ಉಳದದ್ದು ನೋಡಾಕ ಒಬ್ಬಾಂವ ಬೇಕಲ್ಲ! ಕೂಗಿದ್ರ ಕೇಳೂವಷ್ಟು ದೂರದಾಗ ಇದ್ದಾಂವ ಒಬ್ಬನ. ನನ್ನ ತಮ್ಮ ಸಿದ್ರಾಮ."

"ಅಪ್ಪನ ಕಂಬಳಿ ಯಾರಿಗೆ ಅಂತ ಜಗಳಾಡಿ ಆರು ವರ್ಷ ಮಾತಿರಲಿಲ್ಲ ಇಬ್ಬರಿಗೂ" ಎಂದಳು ಕೆಂಚವ್ವ. "ಒಂದ ಕಂಬಳಿ ತಮ್ಮಾ, ಅದೂ ಹರಕ ಕಂಬಳಿ."

"ನೀ ಸುಮ್ನಿರು. ಕೂಗಿದ್ನಿ. ಸಿದ್ರಾಮಾ, ಕುರಿ ನೋಡಪಾ, ಒಂದು ತಪ್ಪೇತಿ ಅಂತ ಕೂಗಿದ್ನಿ. ಬರಂಗಿಲ್ಲ ಅಂತ ತಿಳಕೊಂಡಿದ್ನಿ. ಓಡಿ ಬಂದ. ಅದ ಕಂಬಳಿ ಹೊತ್ಕೊಂಡು ಬಂದ."

"ಕುರಿ ಸಿಕ್ಕಿತೇ?"

"ಸಿಕ್ತು. ಕೊರಕಲದಾಗ ಬಿದ್ದಿತ್ತು. ಹೆಗಲ ಮ್ಯಾಲ ಹೊತ್ಕೊಂಡು ಬಂದ್ರ, ಅಂವ ನನ್ನ ಕುರಿ ಎಲ್ಲಾ ಒಂದೆಡಿ ಕೂಡಿಸಿಕೊಂಡು ನಿಂತಿದ್ದ. ಕುರಿ ಹುಡುಕಾಕ ಹೋದ್ರ ತಮ್ಮ ಸಿಕ್ಕ ನನಗ." ಮಾಳಿಂಗಪ್ಪ ರುಮಾಲು ತೆಗೆದು ಮುಖ ಒರೆಸಿಕೊಂಡ. "ಈಗ ಹೇಳು. ಆ ಕುರುಬಗ ತಮ್ಮ ಇದ್ನೋ ಇಲ್ಲೋ? ಉಳದದ್ದು ಯಾರ ಕೈಯಾಗ ಬಿಟ್ಟಿದ್ದ?"

ಎರಡು ವರ್ಷದಲ್ಲಿ ತಿಮೋತಿ ಆ ಪ್ರಶ್ನೆ ಕೇಳಿಕೊಂಡೇ ಇರಲಿಲ್ಲ.

"ನನಗೆ ಗೊತ್ತಿಲ್ಲ, ಕಾಕಾ."

"ಗೊತ್ತಿಲ್ಲ ಅಂದ್ಯಲ್ಲ, ಇವತ್ತ ನಿನ್ನ ಮಾತು ನಂಬಬಹುದು. ಹೋಗ್ಲಿ, ಅಂವ ಎಂಥಾಂವ ಅದನ್ನಾರ ಹೇಳು. ಒಂದರ ಸಲುವಾಗಿ ಅಷ್ಟು ದೂರ ಹೋಗಾವ ಯಾರಾಂವ?"

"ಪುಸ್ತಕ ತಂದಿಲ್ಲ."

"ತಂದ್ರ ನಮಗೇನು ಓದಾಕ ಬರತೈತಾ? ಹೇಳೋ!"

ತಿಮೋತಿ ಹೇಳಿದ. ಯೇಸುಸ್ವಾಮಿ ದನದ ಕೊಟ್ಟಿಗೆಯಲ್ಲಿ ಹುಟ್ಟಿದ್ದು, ಆ ಸುದ್ದಿ ಅರಮನೆಗಿಂತ ಮೊದಲು ಹೊಲದಲ್ಲಿ ಮಂದೆ ಕಾಯುವ ಕುರುಬರಿಗೆ ಮುಟ್ಟಿದ್ದು. "ನಮ್ಮ ಮಂದಿಗೆ!" ಎಂದು ಮಾಳಿಂಗಪ್ಪ ತೊಡೆ ತಟ್ಟಿದ. ಕುಷ್ಠರೋಗಿಯನ್ನು ಮುಟ್ಟಿದ್ದು, ಶಿಲುಬೆ, ಮೂರನೆಯ ದಿನದ ಬೆಳಗು, ಬರಿದಾದ ಸಮಾಧಿ. ಕಡೆಗೆ ಮತ್ತೆ ಆ ಕುರಿಯ ಕಥೆಗೆ ಬಂದ. ಕುರುಬ ಮುಳ್ಳುಕಂಟಿಗಳ ನಡುವೆ ಬಗ್ಗಿ ಕೈಚಾಚಿದ ಎನ್ನುವಲ್ಲಿ ತಿಮೋತಿಯ ಮಾತು ನಿಂತಿತು. ಆ ಕೈ ಯಾರ ಕಡೆ ಚಾಚಿತ್ತೆಂದು ಅವನಿಗೆ ಆಗ ಕಂಡಿತು.

ಯಾರೂ ನಗಲಿಲ್ಲ. ಕೆಂಚವ್ವ ನೀರಿನ ತಂಬಿಗೆಯನ್ನು ಅವನ ಮುಂದೆ ಸರಿಸಿದಳು.

ಭಾನುವಾರ ಬೆಳಗ್ಗೆ ಮೊದಲ ಹರಿಗೋಲಿನಲ್ಲಿ ತಿಮೋತಿ ಹೊಳೆ ದಾಟಿದ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

ತಬಿತಮ್ಮ ಒಲೆಯ ಮುಂದೆ ಕುಳಿತಿದ್ದರು. ಬಟ್ಟಲು ಇಸಿದುಕೊಂಡು ಮೂಸಿ ನೋಡಿದರು.

"ಕೆಂಚವ್ವ ಏನಂದಳು?"

"ಈ ಹೆಪ್ಪು ನಿಮ್ಮದೇ ಅಂದಳು."

"ಮಾಳಿಂಗಪ್ಪ?"

"ಆ ಕಥೆ ನನಗೇ ಹೇಳಿ ಕಳಿಸಿದ, ಅಮ್ಮಾ."

ಅವರು ಹಾಲಿನ ಗಡಿಗೆಯನ್ನು ಒಲೆಯಿಂದ ಇಳಿಸಿ ಆರಲು ಬಿಟ್ಟರು. ಆಮೇಲೆ ಅವನ ಬೆರಳು ಹಿಡಿದು ಹಾಲಿನಲ್ಲಿ ಅದ್ದಿದರು.

"ಸುಡುತ್ತದೆಯೇ?"

"ಇಲ್ಲ. ಬೆಚ್ಚಗಿದೆ."

"ಈಗ ಹಾಕು. ಒಂದೇ ಚಮಚ."

ಹಾಕಿದ. ಮುಚ್ಚಳ ಮುಚ್ಚಿದ. ಗಡಿಗೆಯನ್ನು ಮೂಲೆಗೆ ಸರಿಸಿ ಕೈ ಒರೆಸಿಕೊಂಡ. ಮತ್ತೆ ಆ ಕಡೆ ನೋಡಲಿಲ್ಲ.

"ನಾಳೆ ಬಸ್ಸಿದೆಯಲ್ಲ?" ಎಂದರು ತಬಿತಮ್ಮ.

"ಬಸ್ಸು ಪ್ರತಿ ಸೋಮವಾರ ಬರುತ್ತದೆ, ಅಮ್ಮಾ. ಬಂದು ಹೋಗಲಿ."

ಅವನು ಗೂಟದಿಂದ ಜೋಳಿಗೆ ತೆಗೆದು ಹೆಗಲಿಗೆ ಹಾಕಿಕೊಂಡ. "ಪ್ರಾರ್ಥನೆ ಮುಗಿದ ಮೇಲೆ ಹಟ್ಟಿಗೆ ಹೋಗಿಬರುತ್ತೇನೆ. ಸಿದ್ರಾಮ ಕಾಕಾನೂ ಕಥೆ ಕೇಳಬೇಕಂತೆ."

"ಹಟ್ಟಿಗೆ ನಾಳೆ ಹೋಗುವೆಯಂತೆ. ಇವತ್ತು ಹೊಳೆಯ ಕೆಳಗಿನ ಅಂಬಿಗರ ಕೇರಿಗೆ ಹೋಗು" ಎಂದು ತಬಿತಮ್ಮ ಬಟ್ಟಲನ್ನು ಅವನ ಕೈಗೆ ಮರಳಿ ಇಟ್ಟರು. "ಇದನ್ನೂ ಒಯ್ಯಿ. ಯಾರಿಗೆ ಬೇಕೋ ಅವರಿಗೆ ಕೊಡು."

ತಿಮೋತಿ ಬಟ್ಟಲನ್ನು ನೋಡಿದ. ಮೂಲೆಯ ಗಡಿಗೆಯಲ್ಲಿ ಇನ್ನೂ ಬರೀ ಹಾಲು.

"ಎಲ್ಲವನ್ನೂ ಕೊಟ್ಟುಬಿಡಲೇ, ಅಮ್ಮಾ? ನಮಗೆ ಸ್ವಲ್ಪ ಇಟ್ಟುಕೊಳ್ಳುವುದು ಬೇಡವೇ?"

"ಕೊಟ್ಟು ಬಾ, ತಿಮೋತಿ. ನಮ್ಮದು ಮತ್ತೊಮ್ಮೆ ಸತ್ತ ದಿನ, ಹೋಗಿ ಕೇಳುವುದಕ್ಕೆ ಇನ್ನೊಂದು ಮನೆ ಇರಲಿ."